54 ಮಕ್ಕಳು, 11 ಯಂತ್ರ: ಒಂಬತ್ತನೇ ತರಗತಿಗೆ ಪ್ರಾಜೆಕ್ಟ್ ಮೂಲಕ ಕಂಪ್ಯೂಟರ್ ಪಾಠ ಎಲ್ಲಿಂದ ಶುರು ಮಾಡೋದು?

ಕೊಡಚಾದ್ರಿ ಕೆಳಗೆ

ಹೊಸನಗರ ಕಡೆಯ ಕನ್ನಡ ಮಾಧ್ಯಮ ಪ್ರೌಢಶಾಲೆ. ಬರುವ ಜೂನ್‌ನಿಂದ ಒಂಬತ್ತನೇ ತರಗತಿಗೆ ಪ್ರಾಜೆಕ್ಟ್ ಮಾಡಿಸುತ್ತಲೇ ಕಂಪ್ಯೂಟರ್ ವಿಜ್ಞಾನ ಕಲಿಸಬೇಕು ಅಂತಿದೆ. ಪುಸ್ತಕ ಓದಿಸಿ "ಕಂಪ್ಯೂಟರಿನ ಭಾಗಗಳು" ಬರೆಸೋದಲ್ಲ.

ಕೈಯಲ್ಲಿರೋದು: 54 ಮಕ್ಕಳು. ಚಾಲೂ ಇರುವ 11 ಡೆಸ್ಕ್‌ಟಾಪ್, ಅದರಲ್ಲಿ 7ಕ್ಕೆ 2 ಜಿಬಿ ರ‍್ಯಾಮ್, ವಿಂಡೋಸ್ 7; ಉಳಿದ 4ಕ್ಕೆ 4 ಜಿಬಿ, ವಿಂಡೋಸ್ 10. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ಇಂಟರ್ನೆಟ್ ಇದೆ ಅಂತ ಹೇಳಬಹುದು, ಅಷ್ಟೆ. ಹಳೆ ವಿದ್ಯಾರ್ಥಿಗಳು ಕೊಟ್ಟ 30,000 ರೂಪಾಯಿ.

ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡೋ ಸ್ಕ್ರ್ಯಾಚ್‌ನಿಂದ ಹಿಡೀಬೇಕಾ, ನೇರ ಟೈಪ್ ಮಾಡಿ ಬರೆಯೋ ಪೈಥಾನಾ? ಈ ದುಡ್ಡಿಗೆ ರೋಬೋಟಿಕ್ಸ್ ಕಿಟ್ ತಂದುಬಿಡೋದಾ? ಅಂಕ ಕೊಡೋದು ಹೇಗೆ?

ಲ್ಯಾಬ್ ಕೀಲಿಕೈ

ಮೊದಲು ಯಂತ್ರ ನೋಡಿ ಮೇಷ್ಟ್ರೇ, ಪಾಠ ಆಮೇಲೆ.

2 ಜಿಬಿಯ ಏಳರಲ್ಲಿ ಬ್ರೌಸರ್ ತೆರೆದು ಪಾಠ ಮಾಡುವ ಆಸೆ ಬಿಡಿ. ಬ್ರೌಸರ್ ಒಂದೇ ಇಡೀ ರ‍್ಯಾಮ್ ನುಂಗಿ ಕೂರುತ್ತೆ. ಥಾನಿ ಹಾಕಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಕಲಿಯುವವರಿಗೆಂದೇ ಮಾಡಿದ ಪೈಥಾನ್ ಎಡಿಟರ್. ಪೈಥಾನ್ ಅದರ ಹೊಟ್ಟೆಯಲ್ಲೇ ಇರುತ್ತೆ, ಬೇರೆ ಹಾಕಬೇಕಿಲ್ಲ. ಒಮ್ಮೆ ಹಾಕಿದ ಮೇಲೆ ನೆಟ್ ಬೇಡ.

ಎಡವೋದು ಇಲ್ಲಿ: ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8. ಕಣ್ಣುಮುಚ್ಚಿ ಹೊಸ ಥಾನಿ ಇಳಿಸಿಕೊಂಡು ಹೋದರೆ ಏಳು ಯಂತ್ರದಲ್ಲೂ ಕೂರಲ್ಲ. 3.8 ಇರುವ 32 ಬಿಟ್ ಆವೃತ್ತಿ ಪೆನ್‌ಡ್ರೈವಿಗೆ ಹಾಕಿಕೊಂಡು, ಅದನ್ನೇ ಹನ್ನೊಂದಕ್ಕೂ ಹಾಕಿ. ನಾಲ್ಕಕ್ಕೆ ಹೊಸದು, ಏಳಕ್ಕೆ ಹಳೆಯದು ಅಂತ ಮಾಡಿದರೆ ಒಂದು ಯಂತ್ರದಲ್ಲಿ ಓಡಿದ ಪ್ರೋಗ್ರಾಂ ಪಕ್ಕದ್ದರಲ್ಲಿ ಓಡದೆ ಅರ್ಧ ಪೀರಿಯಡ್ ಅದರಲ್ಲೇ ಕಳೆಯುತ್ತೆ.

ಜೂನ್‌ಗೆ ಮುಂಚೆ ಪ್ರತಿ ಯಂತ್ರ ಬಿಚ್ಚಿ ಎರಡು ಕೆಲಸ ಮಾಡಿ. ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ ಬದಲಿಸಿ. ಅದು ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಿಂದಕ್ಕೆ ಹೋಗುತ್ತೆ. ವೆಬ್‌ಸೈಟುಗಳೆಲ್ಲ ಸುರಕ್ಷಿತ ಅಲ್ಲ ಅಂತ ತಕರಾರು ತೆಗೆಯುತ್ತವೆ, ಮಕ್ಕಳ ಫೈಲುಗಳ ದಿನಾಂಕ ತಪ್ಪುತ್ತೆ, ಯಾವುದು ಹೊಸದು ಯಾವುದು ಹಳೆಯದು ಗೊತ್ತಾಗಲ್ಲ. ಎರಡನೇದು, ರ‍್ಯಾಮ್ ಪಟ್ಟಿ ಕಿತ್ತು ಅದರ ಹಳದಿ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ವಾಪಸ್ ಕೂರಿಸಿ. ಮಳೆಗಾಲ ದಾಟಿದ ಯಂತ್ರ ಬೀಪ್ ಬೀಪ್ ಅಂದು ಸುಮ್ಮನಾಗೋದಕ್ಕೆ ಎಷ್ಟೋ ಸಲ ಇದೇ ಕಾರಣ.

ದುಡ್ಡಿನಲ್ಲಿ ಅರ್ಧದಷ್ಟನ್ನ ಈ ಏಳಕ್ಕೆ ರ‍್ಯಾಮ್, ಆದಷ್ಟಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ವೇಗದ ಡಿಸ್ಕ್) ಅಂತ ಇಡಿ. ಕೊಳ್ಳುವ ಮೊದಲು ಬೋರ್ಡು ಡಿಡಿಆರ್2 ಬೇಡುತ್ತೋ ಡಿಡಿಆರ್3 ಬೇಡುತ್ತೋ ನೋಡಿ. ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ, ಒಂದು ಇನ್ನೊಂದರಲ್ಲಿ ಕೂರಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿಯಲ್ಲಿ. ಆ ಏಳನ್ನ ನೆಟ್‌ಗೆ ಸೇರಿಸಲೇಬೇಡಿ. ಮಕ್ಕಳ ಪೆನ್‌ಡ್ರೈವೂ ಬೇಡ, ಒಂದೇ ಪೆನ್‌ಡ್ರೈವ್, ಅದು ನಿಮ್ಮ ಜೇಬಲ್ಲಿ.

ರಾಶಿ ಇಡಿ

ಕಿಟ್ ಬೇಡ ಸಾರ್. ದೀಪಾವಳಿವರೆಗಂತೂ ಬೇಡವೇ ಬೇಡ.

ಕಿಟ್ಟಿನಿಂದ ಶುರು ಮಾಡಿದರೆ ಮಕ್ಕಳು ಕಲಿಯೋದು ಕೈಪಿಡಿ ನೋಡಿ ವೈರ್ ಸಿಕ್ಕಿಸೋದನ್ನ. ಎಲ್‌ಇಡಿ ಮಿನುಗುತ್ತೆ, ಚಪ್ಪಾಳೆ ಬೀಳುತ್ತೆ, ಮುಂದೇನು? ಮೊದಲು ಅವರ ಕೈಯಲ್ಲಿ ಅವರದೇ ಲೆಕ್ಕ ಇರಬೇಕು. ಕೈಯಲ್ಲಿ ಕೂಡಿ ಕೂಡಿ ಬೇಜಾರು ಬರಬೇಕು. ಆಗ ಪ್ರೋಗ್ರಾಂ ಯಾಕೆ ಬೇಕು ಅಂತ ನೀವು ಹೇಳಬೇಕಾಗಲ್ಲ.

ಜೂನ್‌ನಲ್ಲಿ ಮಲೆನಾಡಲ್ಲಿ ಪುಕ್ಕಟೆ ಸಿಗುವ ಮಾಹಿತಿ ಅಂದ್ರೆ ಮಳೆ. ಎರಡು ಲೀಟರಿನ ಪೆಟ್ ಬಾಟಲಿಯ ಕುತ್ತಿಗೆ ಭಾಗ ಕತ್ತರಿಸಿ, ತಲೆಕೆಳಗೆ ಮಾಡಿ ಆಲಿಕೆಯ ಹಾಗೆ ಅದರಲ್ಲೇ ಕೂರಿಸಿ. ತಳ ಉಬ್ಬುತಗ್ಗು ಇರುವುದರಿಂದ ನಾಲ್ಕು ಜಲ್ಲಿಕಲ್ಲು ಹಾಕಿ, ಬಾಟಲಿ ನೇರ ಇರುವ ಜಾಗದವರೆಗೆ ನೀರು ತುಂಬಿಸಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಬಾಯಿ ಮತ್ತು ಮೈ ಒಂದೇ ಅಗಲ ಇದ್ದರೆ ಸ್ಕೇಲ್ ಅಂಟಿಸಿ ಓದಿದ ಎತ್ತರವೇ ಮಿ.ಮೀ. ಅಗಲ ಬೇರೆ ಬೇರೆ ಇದ್ದರೆ ನೀರನ್ನ ಅಳತೆ ಜಾಡಿಗೆ ಸುರಿದು ಲೆಕ್ಕ ಹಾಕಬೇಕು: ಬಾಯಿ 10 ಸೆಂ.ಮೀ. ವ್ಯಾಸ ಇದ್ದರೆ ವಿಸ್ತೀರ್ಣ 78.5 ಚದರ ಸೆಂ.ಮೀ., 1 ಮಿ.ಮೀ. ಮಳೆಗೆ 7.85 ಮಿ.ಲೀ. ನೀರು. ಗಣಿತದ ಪೀರಿಯಡ್ಡೂ ಇದರಲ್ಲೇ ಒಂದು ಮುಗಿಯಿತು.

ಬೆಳಿಗ್ಗೆ 8:30ಕ್ಕೇ ಓದಬೇಕು. ಹವಾಮಾನ ಇಲಾಖೆಯ ಮಳೆ ದಿನ 8:30ರಿಂದ 8:30ಕ್ಕೆ. ಆಗಲೇ ಹೋಬಳಿ ಮಳೆಮಾಪನದ ಅಂಕಿಗೆ ಹೋಲಿಸಿ ನೋಡಬಹುದು. ನಿಮ್ಮ ಕಡೆ ಜುಲೈಯಲ್ಲಿ ಬಾಟಲಿಯ ನೇರ ಭಾಗ ಒಂದೇ ದಿನಕ್ಕೆ ತುಂಬಿ ಹರಿಯಬಹುದು. ಜೋರು ಮಳೆ ಇರುವಾಗ ಸಂಜೆ ಶಾಲೆ ಬಿಡುವ ಮುಂಚೆಯೂ ಒಮ್ಮೆ ಓದಿ, ನೀರನ್ನ ಸೊನ್ನೆ ಗೆರೆಗೆ ಇಳಿಸಿ, ಎರಡನ್ನೂ ಕೂಡಿ.

ಇಲ್ಲೇ ಮೊದಲ ದೊಡ್ಡ ಪಾಠ ಸಿಗೋದು: ಭಾನುವಾರ ಯಾರೂ ಓದಲಿಲ್ಲ. ಆ ಜಾಗಕ್ಕೆ 0 ಬರೆಯೋದಾ, ಖಾಲಿ ಬಿಡೋದಾ? 0 ಅಂದರೆ ಮಳೆ ಬಂದಿಲ್ಲ ಅಂತ. ಖಾಲಿ ಅಂದರೆ ಗೊತ್ತಿಲ್ಲ ಅಂತ. ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನೋ ಕೋಷ್ಟಕ ತಂತ್ರಾಂಶದ ಸರಾಸರಿ ಸೂತ್ರ ಖಾಲಿ ಮನೆಯನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಸೊನ್ನೆಯನ್ನ ತಗೊಳ್ಳುತ್ತೆ. ಸೋಮವಾರದ ಅಳತೆ ಎರಡು ದಿನದ್ದು ಅಂತ ಪಕ್ಕದಲ್ಲಿ ಬರೆಯಬೇಕು, ಇಲ್ಲದಿದ್ದರೆ ನಿಮ್ಮೂರಲ್ಲಿ ಸೋಮವಾರ ಮಾತ್ರ ಭಾರೀ ಮಳೆ ಅಂತ ಗ್ರಾಫ್ ಹೇಳುತ್ತೆ. ಮೊದಲ ನಾಲ್ಕು ವಾರ ಇಷ್ಟೇ ಸಾಕು, ನೋಟ್‌ಬುಕ್ಕು ಮತ್ತು ಕ್ಯಾಲ್ಕ್.

ಹುಲಿಕಲ್ ಮಳೆ

ಮೇಡಂ, ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಕೈಯಲ್ಲಿ ಹಿಡಿಯುವ ಸಾಮಾನು ಒಂದೂ ಇಲ್ಲದೆ ವರ್ಷವಿಡೀ ಕೋಷ್ಟಕ ತುಂಬಿಸಿದರೆ ಅರ್ಧ ತರಗತಿ ಕಿಟಕಿಯಾಚೆ ನೋಡ್ತಾ ಕೂರುತ್ತೆ. ದೊಡ್ಡ ಕಿಟ್ ಬೇಡ ಅನ್ನೋದು ಸರಿ. ಪ್ರೋಗ್ರಾಂ ಹಾಕಿ ಓಡಿಸುವ ಪಿಕೋ ಅನ್ನೋ ಪುಟ್ಟ ಬೋರ್ಡು ಐದು, ಒಂದಿಷ್ಟು ಬಿಡಿ ಭಾಗ ಸಾಕು. ಅದನ್ನ ಯಾವಾಗ ತೆಗೆಯಬೇಕು ಅನ್ನೋದಷ್ಟೇ ಪ್ರಶ್ನೆ.

ಲ್ಯಾಬ್ ಕೀಲಿಕೈ

ನವೆಂಬರ್. ಜುಲೈಯಲ್ಲಿ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಹಲಗೆ) ತೆಗೆದರೆ ಒಳಗಿನ ಕ್ಲಿಪ್ಪುಗಳು ತೇವಕ್ಕೆ ಕಿಲುಬು ಹಿಡಿದು ಒಂದು ದಿನ ಸೇರುತ್ತೆ, ಒಂದು ದಿನ ಸೇರಲ್ಲ. ಮಗು ತನ್ನ ಪ್ರೋಗ್ರಾಂ ತಪ್ಪು ಅಂದುಕೊಂಡು ಸರಿ ಇರೋದನ್ನೇ ಅಳಿಸುತ್ತೆ.

ಸೊನ್ನೆ ಒಂದು

ಭಾಷೆಯ ಪ್ರಶ್ನೆಗೆ ಬರುತ್ತೇನೆ. ಒಂಬತ್ತನೇ ತರಗತಿಗೆ ನೇರ ಪೈಥಾನ್. ಸ್ಕ್ರ್ಯಾಚ್ ಕೆಟ್ಟದ್ದು ಅಂತಲ್ಲ, ಆರು ಏಳನೇ ತರಗತಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ವಾರಕ್ಕೆ 80 ನಿಮಿಷದಲ್ಲಿ ಎರಡು ಪರಿಸರ ಕಲಿಸಲು ಹೋದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

"ಇಂಗ್ಲಿಷ್ ಬರಲ್ಲ, ಪೈಥಾನ್ ಹೇಗೆ?" ಅನ್ನುವುದು ಕನ್ನಡ ಮಾಧ್ಯಮದಲ್ಲಿ ಎಲ್ಲರ ಆತಂಕ. ಪೈಥಾನ್ 3.8ರಲ್ಲಿ ಮೀಸಲು ಪದಗಳೇ 35. ಈ ಕೋರ್ಸಿಗೆ ಅದರಲ್ಲಿ ಹತ್ತು ಹನ್ನೆರಡು, ಜೊತೆಗೆ ಪ್ರಿಂಟ್, ಇನ್‌ಪುಟ್, ಇಂಟ್, ಫ್ಲೋಟ್, ಲೆನ್, ರೇಂಜ್ ಇಷ್ಟು ಸಾಕು. ಗೋಡೆಗೆ ಒಂದು ಚಾರ್ಟ್: ಎಡಕ್ಕೆ ಪದ, ಬಲಕ್ಕೆ ಕನ್ನಡದಲ್ಲಿ ಅದು ಮಾಡುವ ಕೆಲಸ. ಅದರ ಕೆಳಗೆ ಇನ್ನೂ ಮುಖ್ಯವಾದ ಚಾರ್ಟ್, ತಪ್ಪು ಸಂದೇಶಗಳದ್ದು. ನೇಮ್ ಎರರ್ ಅಂದರೆ ಹೆಸರು ತಪ್ಪಾಗಿ ಬರೆದಿದ್ದೀರಿ ಅಥವಾ ಹೆಸರಿಡುವ ಮೊದಲೇ ಬಳಸಿದ್ದೀರಿ. ಇಂಡೆಂಟೇಶನ್ ಎರರ್ ಅಂದರೆ ಸಾಲಿನ ಮುಂದಿನ ಜಾಗ ಹೊಂದಿಲ್ಲ. ಸಿಂಟ್ಯಾಕ್ಸ್ ಎರರ್ ಬಂದರೆ ತೋರಿಸಿದ ಸಾಲನ್ನಷ್ಟೇ ಅಲ್ಲ, ಅದರ ಮೇಲಿನ ಸಾಲನ್ನೂ ನೋಡಿ; ಮುಚ್ಚದ ಆವರಣ ಅಲ್ಲಿರುತ್ತೆ.

ವೇರಿಯಬಲ್, ಅಂದರೆ ಬೆಲೆ ತುಂಬಿಡುವ ಡಬ್ಬಿ, ಅದರ ಹೆಸರು ಕನ್ನಡದಲ್ಲೇ ಇಡಬಹುದು. "ಮಳೆ = 42" ಅಂತ ಬರೆದರೆ ಪೈಥಾನ್ 3 ತಕರಾರಿಲ್ಲದೆ ಒಪ್ಪುತ್ತದೆ. ಮೂರು ಕಡೆ ಮಾತ್ರ ಹುಷಾರು.

ಒಂದು, "ಜೂನ್‌ಮಳೆ" ಅಂತ ಬರೆದರೆ ಒಪ್ಪಲ್ಲ. ನ್ ಮತ್ತು ಮ ಒತ್ತಕ್ಷರ ಆಗದಂತೆ ನಾವು ಒತ್ತುವ ಕೀಲಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸುತ್ತದೆ. ಹೆಸರಿನಲ್ಲಿ ತಪ್ಪು ಅಕ್ಷರ ಇದೆ ಅಂತ ಪೈಥಾನ್ ಹೇಳುತ್ತದೆ, ಪರದೆ ಮೇಲೆ ಯಾವ ತಪ್ಪೂ ಕಾಣುವುದಿಲ್ಲ. ನಡುವೆ ಅಡಿಗೆರೆ ಹಾಕಿ "ಜೂನ್_ಮಳೆ" ಅನ್ನಿ.

ಎರಡು, ಕನ್ನಡ ಅಂಕಿ. ಪ್ರೋಗ್ರಾಂನಲ್ಲಿ "ಮಳೆ = ೪೨" ಅಂತ ಬರೆದರೆ ತಪ್ಪು. ಆದರೆ ಇನ್‌ಪುಟ್ ಕೇಳಿದಾಗ ಮಗು ೪೨ ಅಂತ ಟೈಪ್ ಮಾಡಿ ಅದನ್ನು ಪೂರ್ಣಾಂಕ ಮಾಡುವ ಇಂಟ್‌ಗೆ ಕೊಟ್ಟರೆ ಸರಿಯಾಗಿ 42 ಆಗುತ್ತದೆ. ಇದು ಗೊತ್ತಿದ್ದರೆ ತರಗತಿಯಲ್ಲಿ ಗೊಂದಲ ಆಗುವುದಿಲ್ಲ.

ಮೂರು, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಬೇಡಿ. ಅದು ಯೂನಿಕೋಡ್ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ; ಥಾನಿಯಲ್ಲಿ ವೇಷ ಕಳಚಿಬೀಳುತ್ತದೆ. ಕೀಲಿಮಣೆ ವಿನ್ಯಾಸ ನುಡಿಯದ್ದೇ ಇರಲಿ, ಹೊರಬರುವುದು ಯೂನಿಕೋಡ್ ಆಗಿರಬೇಕು.

ಮುಂದೆಂದಾದರೂ ಲಿನಕ್ಸ್‌ಗೆ ಹೋದರೆ ಥಾನಿಯಲ್ಲಿ ಒತ್ತಕ್ಷರ ಒಡೆದು ಕಾಣಬಹುದು. ಮಾಹಿತಿ ಸರಿಯಾಗಿಯೇ ಇರುತ್ತದೆ, ತೋರಿಸುವ ರೀತಿ ಕೆಟ್ಟಿರುತ್ತದೆ. ಫಲಿತಾಂಶವನ್ನು ಫೈಲಿಗೆ ಬರೆಸಿ ಲಿಬ್ರೆಆಫೀಸಿನಲ್ಲಿ ತೆರೆದರೆ ಆಯಿತು.

ಕೊಡಚಾದ್ರಿ ಕೆಳಗೆ

ಪೈಥಾನ್ ಅಂತಲೇ ಇಟ್ಟುಕೊಳ್ತೀನಿ. 54 ಮಕ್ಕಳು 11 ಯಂತ್ರಕ್ಕೆ ಐದೈದು ಜನ ಆಗ್ತಾರಲ್ಲ. ಒಂದು ವಾರ ಅರ್ಧ ತರಗತಿ, ಮುಂದಿನ ವಾರ ಉಳಿದರ್ಧ ಮಾಡಬಹುದಾ?

ತುಂಗಾ ತೀರ

ವಾರ ಬಿಟ್ಟು ವಾರದ ಪದ್ಧತಿ ಮಲೆನಾಡಿನಲ್ಲಿ ನಿಲ್ಲುವುದಿಲ್ಲ. ಜುಲೈಯಲ್ಲಿ ಮಳೆ ರಜೆ ಬಿತ್ತೆಂದರೆ ಒಂದು ತಂಡಕ್ಕೆ ಮೂರು ವಾರ ಯಂತ್ರವೇ ಸಿಗುವುದಿಲ್ಲ. ಕಲಿತದ್ದು ಮರೆತು ಹೋಗಿರುತ್ತದೆ.

ಮುಖ್ಯ ಶಿಕ್ಷಕರನ್ನು ಕೇಳಿ ಎರಡು ಪೀರಿಯಡ್‌ಗಳನ್ನು ಒಟ್ಟಿಗೆ ಹಾಕಿಸಿಕೊಳ್ಳಿ. ವೇಳಾಪಟ್ಟಿ ಅಂತಿಮವಾಗುವ ಮೊದಲೇ ಕೇಳಬೇಕು. ಮೂವರಿಗೊಂದು ಗುಂಪು ಎಂದರೆ 18 ಗುಂಪು. 9 ಗುಂಪಿನ ಎರಡು ತಂಡ. ಒಮ್ಮೆಗೆ 9 ಯಂತ್ರ ಬಳಕೆಯಲ್ಲಿ, 2 ಮೀಸಲು. ಮೀಸಲನ್ನು ಬಿಟ್ಟುಕೊಡಬೇಡಿ, ಯಾವುದಾದರೂ ಒಂದು ಯಂತ್ರ ಕೈಕೊಡುವುದು ಇದ್ದದ್ದೇ. 80 ನಿಮಿಷದಲ್ಲಿ ಮೊದಲ 5 ಹಾಜರಿ ಮತ್ತು ಅಂದಿನ ಕೆಲಸ ಹೇಳಲು, 35 ಒಂದು ತಂಡಕ್ಕೆ ಯಂತ್ರ, 5 ಅದಲು ಬದಲು, 35 ಇನ್ನೊಂದು ತಂಡಕ್ಕೆ. ಗಂಟೆ ಹೊಡೆಯುವ ಮೊದಲೇ ಇಬ್ಬರು ಮಕ್ಕಳು ಬಂದು ಯಂತ್ರ ಆನ್ ಮಾಡಿರಬೇಕು. ಆ ಹಳೆಯ ಯಂತ್ರಗಳು ಎದ್ದು ಕೂರುವುದಕ್ಕೇ ಐದು ನಿಮಿಷ ಬೇಕು.

ಯಂತ್ರವಿಲ್ಲದ ತಂಡಕ್ಕೆ ಕಾಗದದ ಕೆಲಸ ಎಂದರೆ "ಓದಿಕೊಳ್ಳಿ" ಎಂದಲ್ಲ. ಪ್ರತಿ ಗುಂಪಿಗೆ ಒಂದು ಹಾಳೆ: ಎಂಟು ಹತ್ತು ಸಾಲಿನ ಪ್ರೋಗ್ರಾಂ, ಪಕ್ಕದಲ್ಲಿ ಖಾಲಿ ಕೋಷ್ಟಕ. ಸಾಲು ಸಾಲಾಗಿ ಪ್ರತಿ ವೇರಿಯಬಲ್‌ನ ಬೆಲೆ ಏನಾಗುತ್ತದೆ ಎಂದು ತುಂಬಿ, ಕೊನೆಯಲ್ಲಿ ಏನು ಪ್ರಿಂಟ್ ಆಗುತ್ತದೆ ಎಂದು ಬರೆದು ವಾಪಸ್ ಕೊಡಬೇಕು. ಆಮೇಲೆ ಯಂತ್ರಕ್ಕೆ ಹೋಗಿ ಅದನ್ನೇ ಓಡಿಸಿ ನೋಡಿದಾಗ ಆಗುವ ಆಶ್ಚರ್ಯದಲ್ಲೇ ಕಲಿಕೆ ಇರುವುದು.

ಮೂವರ ಗುಂಪಿನಲ್ಲಿ ಒಬ್ಬರು ಟೈಪ್, ಒಬ್ಬರು ಓದಿ ಹೇಳುವುದು, ಒಬ್ಬರು ತಪ್ಪು ಹಿಡಿದು ದಿನಚರಿ ಬರೆಯುವುದು. 11 ನಿಮಿಷಕ್ಕೊಮ್ಮೆ ಶಿಳ್ಳೆ, ಜಾಗ ಬದಲು. ಶಿಳ್ಳೆ ಇಲ್ಲದಿದ್ದರೆ ಕೀಲಿಮಣೆ ಒಬ್ಬನ ಕೈಯಲ್ಲೇ ಉಳಿಯುತ್ತದೆ, ಹುಡುಗಿಯರು ವರ್ಷವಿಡೀ ದಿನಚರಿ ಬರೆಯುತ್ತಾ ಕೂರುತ್ತಾರೆ.

ರಾಶಿ ಇಡಿ

ಪೈಥಾನ್‌ನ ಮೊದಲ ಪ್ರಾಜೆಕ್ಟ್ ಬಿಸಿಯೂಟದ ಲೆಕ್ಕ ಆಗಲಿ. ಬಳಸುವವರು ಅಲ್ಲೇ, ಅಡುಗೆಮನೆಯಲ್ಲೇ ಇದ್ದಾರೆ. ಹಿರಿಯ ಪ್ರಾಥಮಿಕಕ್ಕೆ ತಲಾ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಅನ್ನೋದು ಕೇಂದ್ರದ ಪ್ರಮಾಣ. ನಿಮ್ಮ ಅಡುಗೆಮನೆ ಗೋಡೆ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ. ಹಾಜರಿ ಕೇಳು, ಗುಣಿಸು, ಹೇಳು. ಆರು ಸಾಲು.

ಮೊದಲ ದಿನವೇ ಒಂದು ತಮಾಷೆ ಆಗುತ್ತೆ, ಆಗಲು ಬಿಡಿ. ಇನ್‌ಪುಟ್ ಕೊಡೋದು ಸಂಖ್ಯೆಯನ್ನಲ್ಲ, ಅಕ್ಷರಗಳನ್ನ. 54 ಅಂತ ಕೊಟ್ಟು 150ರಿಂದ ಗುಣಿಸಿದರೆ 8100 ಬರೋದಿಲ್ಲ, 545454 ಅಂತ ನೂರೈವತ್ತು ಸಲ 54 ಪರದೆ ತುಂಬಾ ಹರಡುತ್ತೆ. ಇಂಟ್ ಯಾಕೆ ಬೇಕು ಅಂತ ಆಮೇಲೆ ಯಾರೂ ಮರೆಯಲ್ಲ.

ಎರಡನೇ ವಾರ ಅದನ್ನ ಅಡುಗೆಯವರಿಗೆ ತೋರಿಸಬೇಕು. 212 ಮಕ್ಕಳಿಗೆ "31800" ಅಂತ ಬಂದರೆ ಅವರಿಗೇನು ಉಪಯೋಗ? 31 ಕೆ.ಜಿ. 800 ಗ್ರಾಂ ಅಂತ ಬರಬೇಕು. 1000ದಿಂದ ಭಾಗಿಸಿದ ಭಾಗಲಬ್ಧ ಒಂದು ಕಡೆ, ಶೇಷ ಒಂದು ಕಡೆ. ಶೇಷಕ್ಕೂ ಒಂದು ಕೆಲಸ ಇದೆ ಅಂತ ಮಕ್ಕಳಿಗೆ ಗೊತ್ತಾಗೋದು ಇಲ್ಲಿ.

ಮೂರನೇದು ಮಳೆ ವರ್ಗೀಕರಣ. ಹವಾಮಾನ ಇಲಾಖೆಯ 24 ಗಂಟೆಯ ಗಡಿಗಳು: 2.5ರಿಂದ ಹಗುರ, 15.6ರಿಂದ ಸಾಧಾರಣ, 64.5ರಿಂದ ಭಾರೀ, 115.6ರಿಂದ ಅತಿ ಭಾರೀ, 204.5 ಮತ್ತು ಮೇಲಕ್ಕೆ ಅತ್ಯಂತ ಭಾರೀ. ಅರ್ಧಕ್ಕರ್ಧ ಗುಂಪು ಕೆಳಗಿನಿಂದ ಶುರು ಮಾಡುತ್ತವೆ: "2.5 ಅಥವಾ ಹೆಚ್ಚಾದರೆ ಹಗುರ". 210 ಮಿ.ಮೀ. ಕೊಟ್ಟರೂ ಹಗುರ ಅಂತಲೇ ಬರುತ್ತೆ, ಯಾಕಂದ್ರೆ ಮೊದಲ ಷರತ್ತಿಗೇ ಹೊಂದಿಬಿಟ್ಟಿತು. ದೊಡ್ಡದರಿಂದ ಕೆಳಕ್ಕೆ ಇಳಿಯಬೇಕು. ಪರೀಕ್ಷೆಗೆ 64.4, 64.5, 204.4, 204.5 ಇವನ್ನೇ ಕೊಡಿ. ನಡುವಿನ ಸಂಖ್ಯೆಗೆ ಎಲ್ಲರ ಪ್ರೋಗ್ರಾಂ ಸರಿ ಇರುತ್ತೆ, ಗಡಿಯಲ್ಲಿ ಗುಟ್ಟು ರಟ್ಟಾಗುತ್ತೆ. ಫೈಲಿನಿಂದ ಓದಿದ್ದನ್ನ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಮಾಡೋದು ಮರೆತರೆ ಅದೂ ಬಯಲಾಗುತ್ತೆ: ಎರಡೂ ಅಕ್ಷರವಾಗಿಯೇ ಇದ್ದರೆ "9" ಅನ್ನೋದು "64"ಕ್ಕಿಂತ ದೊಡ್ಡದು.

ಸೊನ್ನೆ ಒಂದು

ಮೇಡಂ ಹೇಳಿದ ಮೂರರ ನಂತರ ಕನ್ನಡ ಪೀರಿಯಡ್ಡಿನವರನ್ನೂ ಸೇರಿಸಿಕೊಂಡು ಒಂದು ಮಾಡಿಸಿ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದ ಗುರುತಿಸುವ ಪ್ರೋಗ್ರಾಂ. ಎಲ್ಲ ಪುಸ್ತಕಗಳಲ್ಲೂ ಇರುವ ಸಾಮಾನ್ಯ ಅಭ್ಯಾಸ ಇದು, ಆದರೆ ಕನ್ನಡದಲ್ಲಿ ಬೇರೆಯೇ ಆಗುತ್ತದೆ. "ಕನಕ" ಕೊಟ್ಟರೆ ಹೌದು ಅನ್ನುತ್ತದೆ. "ವಿಕಟಕವಿ" ಕೊಟ್ಟರೆ ಅಲ್ಲ ಅನ್ನುತ್ತದೆ! ಯಾಕೆಂದರೆ ಕಂಪ್ಯೂಟರಿಗೆ ವಿ ಅಂದರೆ ಒಂದಲ್ಲ, ಎರಡು: ವ ಮತ್ತು ಗುಡಿಸು. ಉದ್ದ ಹೇಳುವ ಲೆನ್ ಕೇಳಿ ನೋಡಿ, ವಿಕಟಕವಿಗೆ 7 ಅನ್ನುತ್ತದೆ, ನಾವು ಎಣಿಸಿದರೆ 5. ತಿರುಗಿಸಿದಾಗ ಗುಡಿಸು ವ-ಗಿಂತ ಮುಂದೆ ಬಂದು ಕೂರುತ್ತದೆ.

ಪರಿಹಾರ ಮಕ್ಕಳೇ ಹುಡುಕಬಲ್ಲರು: ಮೊದಲು ಪದವನ್ನು ಅಕ್ಷರಗಳಾಗಿ ಬಿಡಿಸುವ ಫಂಕ್ಷನ್ (ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಪ್ರೋಗ್ರಾಂ ತುಂಡು). ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಬಂದರೆ ಹಿಂದಿನದಕ್ಕೆ ಅಂಟಿಸು. ಹಿಂದಿನದು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದಿದ್ದರೆ ಬರುವ ವ್ಯಂಜನವನ್ನೂ ಅದಕ್ಕೇ ಅಂಟಿಸು. ಇಲ್ಲವಾದರೆ ಹೊಸ ಅಕ್ಷರ. ನಂತರ ಆ ಪಟ್ಟಿಯನ್ನು ತಿರುಗಿಸಿ ಹೋಲಿಸು. ಒತ್ತಕ್ಷರ, ಗುಣಿತಾಕ್ಷರದ ವ್ಯಾಕರಣ ಪಾಠ ಇದಕ್ಕಿಂತ ಚೆನ್ನಾಗಿ ಮನಸ್ಸಿಗೆ ಹೋಗುವುದು ಕಷ್ಟ. ಇದಾದ ಮೇಲೆ ಇದೇ ಫಂಕ್ಷನ್ ಇಟ್ಟುಕೊಂಡು ಪದಬಂಧ, ಅಂತ್ಯಾಕ್ಷರಿ ಎಲ್ಲ ಮಾಡಬಹುದು.

ಚಿತ್ರ ಬೇಕೆಂದವರಿಗೆ ಪೈಥಾನ್ ಜೊತೆಗೇ ಬರುವ, ಗೆರೆ ಎಳೆಯುವ ಟರ್ಟಲ್‌ನಲ್ಲಿ ಚುಕ್ಕಿ ರಂಗೋಲಿ. 7ರಿಂದ 4ಕ್ಕೆ ಇಳಿಯುವ ಸಂದು ಚುಕ್ಕಿ ತಗೊಳ್ಳಿ: 4, 5, 6, 7, 6, 5, 4, ಒಟ್ಟು 37. ಪ್ರತಿ ಸಾಲು ಅರ್ಧ ಚುಕ್ಕಿಯಷ್ಟು ಪಕ್ಕಕ್ಕೆ ಸರಿಯಬೇಕು, ಸಾಲುಗಳ ಅಂತರ ಚುಕ್ಕಿ ಅಂತರದ 0.866ರಷ್ಟು. ಫೈಲಿಗೆ ಮಾತ್ರ "ಟರ್ಟಲ್" ಅಂತ ಇಂಗ್ಲಿಷಿನಲ್ಲಿ ಹೆಸರಿಡಬೇಡಿ. ಪೈಥಾನ್ ನಿಜವಾದ ಟರ್ಟಲ್ ಬಿಟ್ಟು ಮಗುವಿನ ಫೈಲನ್ನೇ ತೆರೆದು ಕೂರುತ್ತದೆ. ರಾಂಡಮ್‌ಗೂ ಇದೇ ಮಾತು.

ಬೆಟ್ಟೆ ಸರಕು

ಅಡಿಕೆ ಧಾರಣೆ ಯಾರೂ ಹೇಳಲೇ ಇಲ್ಲವಲ್ಲ ಮಾರಾಯ್ರೇ. ಮಕ್ಕಳ ಮನೆಯಲ್ಲಿ ದಿನಾ ನಡೆಯೋ ಮಾತು ಅದೇ.

ರಾಶಿ ಇಡಿ

ಅದಕ್ಕೆ ಕೊಯ್ಲು ಶುರುವಾಗಲಿ ಅಂತ ನವೆಂಬರ್‌ಗೆ ಇಟ್ಟಿದ್ದು. ಮಾಡಿಸಿ, ಆದರೆ ಅದು ಮುಳ್ಳಿನ ಬೇಲಿ. ಪತ್ರಿಕೆಯಲ್ಲಿ ಬರುವ ಸಂಖ್ಯೆಯಲ್ಲಿ ಅಲ್ಪವಿರಾಮ ಇರುತ್ತೆ. "48,500" ಅಂತ ಕೊಟ್ಟರೆ ಇಂಟ್ ಒಪ್ಪಲ್ಲ, ಮೊದಲು ಅಲ್ಪವಿರಾಮ ತೆಗೆಸಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಈ ನಾಲ್ಕು ಬಗೆಯ ಅಡಿಕೆಯನ್ನೂ ಕಲಸಿ ಸರಾಸರಿ ತೆಗೆದರೆ ಅದಕ್ಕೆ ಅರ್ಥವೇ ಇಲ್ಲ. ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚಿನ ಮಾಲು ಹೋದ ಬೆಲೆ) ಮೂರೂ ಬೇರೆ ಬೇರೆ ಕಾಲಮ್ಮಿಗೆ. ಮಾರುಕಟ್ಟೆ ರಜೆಯ ದಿನ ಖಾಲಿ, ಸೊನ್ನೆ ಅಲ್ಲ, ಮಳೆಯಲ್ಲಿ ಕಲಿತದ್ದೇ ಇಲ್ಲೂ. ಮನೆಯಲ್ಲಿ ಕೆ.ಜಿ. ಮಾತು, ಮಾರುಕಟ್ಟೆಯಲ್ಲಿ ಕ್ವಿಂಟಾಲ್. ಮುಂದಿನ ವಾರದ ಧಾರಣೆ ಹೇಳುವ ಪ್ರೋಗ್ರಾಂ ಮಾಡ್ತೀವಿ ಅಂತ ಒಂದು ಗುಂಪು ಬಂದೇ ಬರುತ್ತೆ. ಬೇಡ ಅನ್ನಿ. ಹಿಂದಿನ ಮೂರು ತಿಂಗಳ ಗ್ರಾಫ್ ನೆಟ್ಟಗೆ ಬರಲಿ ಸಾಕು.

ಅದಕ್ಕಿಂತ ಸುಲಭ ಬೇಕಿದ್ದರೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಡ್ರಮ್ಮಿನ ಅಳತೆ ಕೊಟ್ಟರೆ ತೂಕ ಹೇಳಬೇಕು, ಸಿಂಪಡಿಸಿದ ದಿನ ಕೊಟ್ಟರೆ 40 ದಿನ ಕೂಡಿಸಿ ಮುಂದಿನ ಸಿಂಪಡಣೆಯ ತಾರೀಕು ಹೇಳಬೇಕು. ತಿಂಗಳಿಗೆ 30 ದಿನ ಅಂತ ಕೈಲೆಕ್ಕ ಹಾಕಿದವರದ್ದು ಜುಲೈ 31ಕ್ಕೆ ಕೆಡುತ್ತೆ. ಪೈಥಾನ್‌ನ ಡೇಟ್‌ಟೈಮ್ ಬಳಸಿ.

ಕ್ಯಾಲ್ಕ್‌ಗಲ್ಲದೆ ಎಕ್ಸೆಲ್‌ಗೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕದ ಫೈಲು) ಕೊಡೋದಿದ್ದರೆ ಕನ್ನಡ ಹಾಳಾಗಿ ಕಾಣುತ್ತೆ. ಫೈಲ್ ಬರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಅಂತ ಕೊಟ್ಟರೆ ಸರಿ.

ಹುಲಿಕಲ್ ಮಳೆ

ಸರಿ, ನವೆಂಬರ್ ಬಂತು ಅಂದುಕೊಳ್ಳಿ. ಬಾಟಲಿ ಮಳೆಮಾಪನವನ್ನ ತಾನೇ ಎಣಿಸುವ ಹಾಗೆ ಮಾಡೋದು. ಮಾಡೋದು ಈ ಬ್ಯಾಚು, ಮಳೆಗೆ ಇಡೋದು ಮುಂದಿನ ಬ್ಯಾಚು.

16 ಸೆಂ.ಮೀ. ಬಾಯಿಯ ಆಲಿಕೆ. ವಿಸ್ತೀರ್ಣ 201 ಚದರ ಸೆಂ.ಮೀ., ಅಂದರೆ 1 ಮಿ.ಮೀ. ಮಳೆಗೆ ಸುಮಾರು 20 ಮಿ.ಲೀ. ಕೆಳಗೆ ಏತದ ಹಾಗೆ ಆಚೀಚೆ ಬೀಳುವ ಜೋಡಿ ಬಟ್ಟಲು, ಅಲ್ಯೂಮಿನಿಯಂ ತಗಡಿನದು. ಅಚ್ಚಿಗೆ ಸೈಕಲ್ ಕಡ್ಡಿ. ಒಂದು ಬಟ್ಟಲಿಗೆ 5 ಮಿ.ಲೀ. ತುಂಬಿದಾಗ ಮಗುಚಬೇಕು, ಮಗುಚಿದ್ದಕ್ಕೆ 0.25 ಮಿ.ಮೀ. ಲೆಕ್ಕ. ಬಟ್ಟಲ ಮಧ್ಯೆ ಸಣ್ಣ ಆಯಸ್ಕಾಂತ, ಎದುರಿಗೆ ರೀಡ್ ಸ್ವಿಚ್, ಆಯಸ್ಕಾಂತ ಹತ್ತಿರ ಬಂದರೆ ಸೇರುವಂಥದ್ದು. ಸ್ವಿಚ್ಚಿನ ಒಂದು ತುದಿ ಪಿಕೋ ಬೋರ್ಡಿನ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಪಿನ್ನಿನ ಒಳಗಿನ ಪುಲ್‌ಅಪ್ (ಸ್ವಿಚ್ ಸೇರದಿದ್ದಾಗ ಪಿನ್ನನ್ನ 1ರಲ್ಲೇ ಹಿಡಿದಿಡುವ ರೆಸಿಸ್ಟರ್) ಆನ್.

ಒಮ್ಮೆ ಮಗುಚಿದರೆ ಮೂರ್ನಾಲ್ಕು ಎಣಿಸುತ್ತೆ. ಸ್ವಿಚ್ಚಿನ ನಾಲಿಗೆ ಅದುರೋದೇ ಕಾರಣ. ಒಂದು ಎಣಿಕೆಯಾದ ಮೇಲೆ 200 ಮಿಲಿಸೆಕೆಂಡ್ ಬಂದದ್ದನ್ನೆಲ್ಲ ಬಿಟ್ಟುಬಿಡಿ.

ಅಳತೆ ಹೊಂದಿಸಲು 500 ಮಿ.ಲೀ. ನೀರನ್ನ ಡ್ರಿಪ್ ಸೆಟ್ಟಿನಿಂದ ಅರ್ಧ ಗಂಟೆಗೂ ಮೀರಿ ಹನಿ ಹನಿಯಾಗಿ ಬಿಡಿ. 100 ಸಲ ಮಗುಚಬೇಕು. 92 ಸಲ ಮಾತ್ರ ಮಗುಚಿದರೆ ತಗಡು ಬಗ್ಗಿಸುತ್ತಾ ಕೂರಬೇಡಿ, 500ನ್ನ 92ರಿಂದ ಭಾಗಿಸಿ, ಒಂದಕ್ಕೆ 5.43 ಮಿ.ಲೀ., ಅಂದರೆ 0.27 ಮಿ.ಮೀ. ಪ್ರೋಗ್ರಾಂನಲ್ಲಿ ಆ ಸಂಖ್ಯೆ ಹಾಕಿ. ಪೀಠ ಮಟ್ಟವಾಗಿರದಿದ್ದರೆ ಒಂದು ಬಟ್ಟಲು ಬೇಗ, ಒಂದು ತಡ. ಮಟ್ಟಗೋಲು ಇಟ್ಟು ನೋಡಿ.

ನಮ್ಮ ಮಳೆಗೆ ಈ ಸಾಧನ ಸ್ವಲ್ಪ ಕಡಿಮೆಯೇ ಹೇಳುತ್ತೆ. ಗಂಟೆಗೆ 60 ಮಿ.ಮೀ. ಸುರಿದರೆ 15 ಸೆಕೆಂಡಿಗೊಮ್ಮೆ ಮಗುಚಬೇಕು. ಮಗುಚಲು ಅರ್ಧ ಸೆಕೆಂಡ್ ಹಿಡಿದರೆ ಆ ಹೊತ್ತಿನ ನೀರು ಲೆಕ್ಕಕ್ಕೆ ಸಿಗಲ್ಲ, ಶೇ 3ರಷ್ಟು ಹೋಯಿತು. ಅದಕ್ಕೇ ಪಕ್ಕದಲ್ಲಿ ಬಾಟಲಿಯೂ ಇರಬೇಕು.

ಕರೆಂಟ್ ಹೋಗಿ ಬಂದರೆ ಪಿಕೋಗೆ ಗಂಟೆ ಎಷ್ಟು ಅಂತ ನೆನಪಿರಲ್ಲ. ಡಿಎಸ್3231 ಗಡಿಯಾರ ಮಾಡ್ಯೂಲ್ ಒಂದು ಹಾಕಿ. ತೇವಾಂಶ ಅಳೆಯಲು ಡಿಎಚ್‌ಟಿ11 ತರಬೇಡಿ, ಶೇ 90ರ ಮೇಲೆ ಅದರ ಮಾತು ನಂಬುವಂತಿಲ್ಲ, ಜುಲೈಯಲ್ಲಿ ನಮ್ಮಲ್ಲಿ ಇರೋದೇ ಅಷ್ಟು. ಡಿಎಚ್‌ಟಿ22 ತನ್ನಿ. ಎರಡು ಸೆಕೆಂಡಿಗಿಂತ ಬೇಗ ಬೇಗ ಕೇಳಿದರೆ ಅದೂ ಉತ್ತರ ಕೊಡಲ್ಲ. ಮಣ್ಣಿನ ತೇವಕ್ಕೆ ಎರಡು ಕಡ್ಡಿಯ ಅಗ್ಗದ ಸೆನ್ಸರ್ ಬೇಡ, ಸದಾ ಕರೆಂಟ್ ಹರಿದರೆ ಕೆಲವೇ ವಾರದಲ್ಲಿ ಕಡ್ಡಿ ಸವೆದು ಹಸಿರಾಗುತ್ತೆ. ಕೆಪಾಸಿಟಿವ್ ಅಂತ ಕೇಳಿ ತಗೊಳ್ಳಿ.

ಲ್ಯಾಬ್ ಕೀಲಿಕೈ

ಇದಕ್ಕೆ ಸೇರಿಸೋದು: ಪಿಕೋ ಪಿನ್ನಿಗೆ 3.3 ವೋಲ್ಟ್ ಮೀರಬಾರದು. ಟ್ಯಾಂಕಿನ ನೀರಿನ ಮಟ್ಟಕ್ಕೆ ಅಂತ ಎಚ್‌ಸಿ-ಎಸ್‌ಆರ್04 (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಸೆನ್ಸರ್) ಹಾಕುವವರು ಅದರ ಎಕೋ ತಂತಿಯನ್ನ ನೇರ ಕೊಟ್ಟು ಬೋರ್ಡ್ ಸುಡ್ತಾರೆ, ಅದು 5 ವೋಲ್ಟ್. ನಡುವೆ 1 ಕಿಲೋ ಓಮ್, ಗ್ರೌಂಡಿಗೆ 2 ಕಿಲೋ ಓಮ್ ಹಾಕಿದರೆ 3.3ಕ್ಕೆ ಇಳಿಯುತ್ತೆ.

ಬೋರ್ಡ್ ಸಿಕ್ಕಿಸಿದರೂ ಕಂಪ್ಯೂಟರ್ ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜಿಂಗಿನ ಎಷ್ಟೋ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರಲ್ಲ. ಡೇಟಾ ಹೋಗುವ ಐದು ಕೇಬಲ್ ಆರಿಸಿ ಕೆಂಪು ಟೇಪ್ ಸುತ್ತಿಡಿ. ಎಸ್.ಪಿ. ರಸ್ತೆಯಿಂದ ತರಿಸೋದಾದ್ರೆ ಒಂದೇ ಸಲ ಪಟ್ಟಿ ಮಾಡಿ. ಒಂದು ರೆಸಿಸ್ಟರಿಗೆ ಮತ್ತೆ ಬೆಂಗಳೂರಿನ ಬಸ್ಸು ಕಾಯೋದು ಬೇಡ.

ಬೋರ್ಡುಗಳನ್ನ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ನೀಲಿ ಹರಳು ಗುಲಾಬಿಯಾದರೆ ಒಲೆಯ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ನೀಲಿ. ಡೆಸ್ಕ್‌ಟಾಪ್‌ಗಳನ್ನ ಮಳೆಗಾಲದಲ್ಲಿ ರಜೆ ಇದ್ದರೂ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ, ಒಳಗಿನ ತೇವ ಹೋಗುತ್ತೆ. ಗುಡುಗು ಕಂಡರೆ ಪವರ್ ಪ್ಲಗ್ ಜೊತೆಗೆ ಲ್ಯಾನ್ ತಂತಿಯನ್ನೂ ಕೀಳಬೇಕು. ಪ್ಲಗ್ ಕಿತ್ತು ಲ್ಯಾನ್ ಬಿಟ್ಟ ಕಡೆಯೇ ಸಿಡಿಲು ಒಳಗೆ ಬರೋದು.

ಕೊಡಚಾದ್ರಿ ಕೆಳಗೆ

ಅಂಕದ ಮಾತು ಯಾರೂ ಎತ್ತಲಿಲ್ಲ. ಒಬ್ಬರದ್ದನ್ನ ಎಲ್ಲರೂ ನಕಲು ಮಾಡಿದರೆ? ಈಗಂತೂ ಮನೆಯಲ್ಲಿ ಮೊಬೈಲ್ ಎಐ ಕೇಳಿ ಬರೆದುಕೊಂಡು ಬರ್ತಾರೆ.

ತುಂಗಾ ತೀರ

ಪ್ರೋಗ್ರಾಂಗೆ ಅಂಕ ಕೊಟ್ಟರೆ ನಕಲು ಆಗುತ್ತದೆ. ಬದಲಾಯಿಸುವ ಸಾಮರ್ಥ್ಯಕ್ಕೆ ಕೊಡಿ. 25ಕ್ಕೆ ಹೀಗೆ ಮಾಡಬಹುದು: ಓಡುತ್ತದೆಯೇ ಎಂಬುದಕ್ಕೆ 5 ಮಾತ್ರ. ಪರೀಕ್ಷಾ ಕೋಷ್ಟಕಕ್ಕೆ, ಅಂದರೆ ಏನು ಕೊಟ್ಟೆವು, ಏನು ಬರಬೇಕಿತ್ತು, ಏನು ಬಂತು ಎಂಬುದಕ್ಕೆ 5. ದಿನಚರಿಗೆ 5, ಅದರಲ್ಲಿ ಆದ ತಪ್ಪುಗಳು ಇರಬೇಕು, ತಪ್ಪೇ ಇಲ್ಲದ ದಿನಚರಿಗೆ ಅಂಕ ಇಲ್ಲ. ಬಳಸುವವರಿಗೆ ವಿವರಿಸಿದ್ದಕ್ಕೆ 3. ಉಳಿದ 7 ಎದುರಿಗೆ ಕೂರಿಸಿ ಕೇಳಿದ ಒಂದು ಬದಲಾವಣೆಗೆ, ಐದು ನಿಮಿಷ, ಗುಂಪಿಗಲ್ಲ, ಒಬ್ಬೊಬ್ಬರಿಗೆ. "ಶನಿವಾರ ಬಾಳೆಹಣ್ಣನ್ನೂ ಲೆಕ್ಕ ಹಾಕು", "ಮಳೆ ಋಣ ಸಂಖ್ಯೆ ಕೊಟ್ಟರೆ ತಪ್ಪು ಎಂದು ಹೇಳು" ಇಂಥವು. ಎಲ್ಲಿಂದ ತಂದಿದ್ದರೂ ಪರವಾಗಿಲ್ಲ, ಅರ್ಥವಾಗಿಲ್ಲದಿದ್ದರೆ ಇಲ್ಲಿ ನಿಲ್ಲುವುದಿಲ್ಲ.

54 ಮಕ್ಕಳಿಗೆ ಐದೈದು ನಿಮಿಷ ಎಂದರೆ 270 ನಿಮಿಷ. ವಾರಕ್ಕೆ ಹತ್ತು ಮಕ್ಕಳಂತೆ ಪಾಠದ ನಡುವೆಯೇ ಮುಗಿಸಿಕೊಳ್ಳಿ, ಕೊನೆಗೆ ಒಟ್ಟು ಹಾಕಿದರೆ ಆಗುವುದಿಲ್ಲ. ಇವನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ತೋರಿಸಬಹುದೇ ಎಂದು ಗಣಿತ, ವಿಜ್ಞಾನದವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಒಂದೇ ಕೆಲಸಕ್ಕೆ ಮಕ್ಕಳು ಎರಡು ಕಡೆ ಬರೆಯುವುದು ತಪ್ಪುತ್ತದೆ. ಪ್ರದರ್ಶನ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ. ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ, ಕೋಣೆಯೇ ಸಿಗುವುದಿಲ್ಲ.

ಸಹಪಾಠಿಗಳ ಅಂಕ, ಜಾತಿ, ಆಧಾರ್, ಯಾರಿಗೆ ಮಂಗನ ಕಾಯಿಲೆ ಬಂದಿತ್ತು ಇಂಥ ಮಾಹಿತಿ ಯಾವ ಪ್ರಾಜೆಕ್ಟಿನಲ್ಲೂ ಬೇಡ. ಮಳೆ, ಅಕ್ಕಿ, ಅಡಿಕೆ ಧಾರಣೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಕೊಡಚಾದ್ರಿ ಕೆಳಗೆ

ಬರೆದುಕೊಂಡೆ. ಬಾಟಲಿಯಿಂದ ಅಡಿಕೆವರೆಗೆ ಐದು ಪ್ರಾಜೆಕ್ಟ್, ದುಡ್ಡಲ್ಲಿ ಮೊದಲು ರ‍್ಯಾಮ್ ಮತ್ತು ಬಿಲ್ಲೆ ಸೆಲ್, ಬೋರ್ಡು ತರಿಸೋದು ದಸರಾ ರಜೆಯಲ್ಲಿ, ತೆಗೆಯೋದು ನವೆಂಬರಿಗೆ. ಕೊನೇದು: ಬಾಟಲಿ ಎಲ್ಲಿಡೋದು? ಶಾಲೆ ಸುತ್ತ ಮರ, ಮೇಲಿಂದ ಕೋತಿ.

ಹುಲಿಕಲ್ ಮಳೆ

ಕಟ್ಟಡ, ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ, ಕೆಸರು ಸಿಡಿಯಬಾರದು. ಅಷ್ಟು ಬಯಲು ಇಲ್ಲದಿದ್ದರೆ ಆಟದ ಮೈದಾನದ ಮೂಲೆ. ಚಾವಣಿ ಮೇಲೆ ಬೇಡ, ಗಾಳಿ ಹನಿಯನ್ನ ಹೊತ್ತೊಯ್ಯುತ್ತೆ.

ಕೋತಿಗೆ: ಅರ್ಧ ಹೂತ ಪಿವಿಸಿ ಪೈಪಿನೊಳಗೆ ಬಾಟಲಿ ಇಳಿಸಿ, ಪೈಪಿಗೆ ಮೂರು ಕಡೆ ತಂತಿ ಬಿಗಿದು ಗೂಟಕ್ಕೆ ಕಟ್ಟಿ. ಪೈಪು ಬಾಟಲಿ ಬಾಯಿಗಿಂತ ಎರಡು ಬೆರಳು ಕೆಳಗೇ ನಿಲ್ಲಬೇಕು, ಮೇಲೆ ಬಂದರೆ ಅದರ ಅಂಚಿಗೆ ಬಡಿದ ಹನಿ ಬಾಟಲಿಗೆ ಸಿಡಿಯುತ್ತೆ. ಮೇಲೆ ಜಾಲರಿ ಹಾಕ್ತೀವಿ ಅಂತಾರೆ, ಹಾಕಲು ಬಿಡಬೇಡಿ. ಜಾಲರಿ ಹನಿಯನ್ನ ಹಿಡಿದು ಪಕ್ಕಕ್ಕೆ ಇಳಿಸುತ್ತೆ. ಕಸಕ್ಕೆ ಬೇಕಿದ್ದರೆ ಆಲಿಕೆಯ ಒಳಗೆ, ಕುತ್ತಿಗೆಯಲ್ಲಿ ಒಂದು ತುಂಡು ಸೊಳ್ಳೆ ಪರದೆ. ಸೋಮವಾರ ಸೋಮವಾರ ತೊಳೆಯೋಕೆ ಒಂದು ಗುಂಪಿನ ಹೆಸರು ಬರೆದಿಡಿ.